ಮೈದಾನದಲ್ಲಿ ಎರಡು ಮೇಳ

ಜನವರಿ ೨೯ರ ಸಂಜೆ ಸೇನೆಯ ವಾದ್ಯವೃಂದಗಳು ರೈಸಿನಾ ಗುಡ್ಡದ ಕಡೆಯಿಂದ ವಿಜಯ್ ಚೌಕಕ್ಕೆ ಇಳಿದು ಬರುವುದನ್ನು ನಮ್ಮ ದೆಹಲಿ ಕನ್ನಡಿಗರಲ್ಲಿ ನೋಡದವರು ವಿರಳ. ಪಾಸು ದೊರೆಯದವರು ಮನೆಯಲ್ಲಿ ಕುಳಿತು ದೂರದರ್ಶನದಲ್ಲಾದರೂ ನೋಡಿರುತ್ತಾರೆ. ಸಾಲಾಗಿ ಬರುತ್ತಾರೆ, ಸಾಲಾಗಿ ತಿರುಗುತ್ತಾರೆ, ಸಾಲಾಗಿಯೇ ಹಿಂದಿರುಗುತ್ತಾರೆ. ಬ್ಯಾಂಡೆಂದರೆ ನಮ್ಮ ಕಣ್ಣಿಗೆ ಕಟ್ಟಿದ ಚಿತ್ರ ಅದು. ಮೈಸೂರಿನ ಕಡೆಯವರಾದರೆ ದಸರಾ ಮೆರವಣಿಗೆಯ ಪೊಲೀಸ್ ಬ್ಯಾಂಡನ್ನೂ ಇದಕ್ಕೆ ಸೇರಿಸಿಕೊಂಡಾರು. ಇಂಥ ನಮಗೆ ಅಮೆರಿಕದಲ್ಲಿರುವ ಮಕ್ಕಳು ತಮ್ಮ ಮಕ್ಕಳ ಶಾಲೆಯ ಬ್ಯಾಂಡಿನ ವಿಡಿಯೋ ಕಳುಹಿಸಿಕೊಟ್ಟಾಗ ಏನೆನ್ನಬೇಕೋ ತೋಚುವುದಿಲ್ಲ. ಕಹಳೆ ಊದುವವನು ಊದುತ್ತಲೇ ಓಡುತ್ತಾನೆ, ಹಿಮ್ಮುಖವಾಗಿ ಓಡುತ್ತಾನೆ, ಮಂಡಿಯೂರಿ ಮಲಗಿಯೂ ಬಿಡುತ್ತಾನೆ. ಹುಡುಗಿಯರು ಮರದ ಬಂದೂಕನ್ನು ಗಾಳಿಗೆಸೆದು ಗಿರಗಿರನೆ ತಿರುಗಿಸಿ ಹಿಡಿಯುತ್ತಾರೆ. ಇದು ಕವಾಯತೋ, ನಾಟ್ಯವೋ, ದೊಂಬರಾಟವೋ ಎಂದು ಹಿರಿಯರು ಕೇಳಿದರೆ ಅವರದೇನೂ ತಪ್ಪಿಲ್ಲ.

ನನ್ನ ದೊಡ್ಡಪ್ಪನ ಮಗ ಟೆಕ್ಸಸ್ ಪ್ರಾಂತ್ಯದಲ್ಲಿ ನೆಲೆಸಿ ಬಹಳ ವರ್ಷವಾಯಿತು. ಅವನ ಮಗಳು ಹೈಸ್ಕೂಲಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಾಳೆ. ಅವನು ಕಳುಹಿಸಿದ ಒಂದು ವಿಡಿಯೋದಿಂದ ಆರಂಭವಾದ ಕುತೂಹಲ ನನ್ನನ್ನು ಎಲ್ಲಿಗೋ ಎಳೆದುಕೊಂಡು ಹೋಗಿದೆ. ಆಫೀಸಿನಿಂದ ಬಂದು ಊಟ ಮುಗಿಸಿ ನಾನು ಇವನ್ನು ನೋಡುತ್ತ ಕುಳಿತರೆ ಮನೆಯಾಕೆ, 'ದಿನವಿಡೀ ಕಡತಗಳ ಕವಾಯತು, ರಾತ್ರಿ ಇದೊಂದು' ಎಂದು ಗೊಣಗುವುದುಂಟು. ಆದರೆ ನೋಡುತ್ತ ನೋಡುತ್ತ ಒಂದು ವಿಷಯ ಸ್ಪಷ್ಟವಾಯಿತು. ಮೇಲುನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಈ ಪ್ರದರ್ಶನಗಳಲ್ಲಿ ಎರಡು ಜಾತಿಗಳಿವೆ. ಒಂದು ಹೈಸ್ಕೂಲಿನ ಮಾರ್ಚಿಂಗ್ ಬ್ಯಾಂಡು. ಮತ್ತೊಂದು ಡ್ರಮ್ ಕೋರ್. ಅನೇಕ ವೇಳೆ ಎರಡನ್ನೂ ರೂಪಿಸುವವರು ಅವರೇ. ಬೇಸಗೆಯಲ್ಲಿ ಕೋರ್‌ಗೆ ಕವಾಯತು ಬರೆದವರೇ ಶರತ್ಕಾಲದಲ್ಲಿ ಯಾವುದೋ ಶಾಲೆಗೂ ಬರೆದುಕೊಡುತ್ತಾರೆ. ಆದರೂ ಎರಡರ ಹುಟ್ಟು ಬೇರೆ, ಕಟ್ಟುವ ರೀತಿ ಬೇರೆ.

ನಮ್ಮವರಿಗೆ ಅರ್ಥವಾಗುವಂತೆ ಹೇಳಬೇಕಾದರೆ, ಡ್ರಮ್ ಕೋರ್ ಎಂಬುದು ನಮ್ಮ ಹಿಂದಿನ ಕಾಲದ ಕಂಪನಿ ನಾಟಕವಿದ್ದಂತೆ. ಮೊದಲು ನಾಟಕ, ಆಮೇಲೆ ಪಾತ್ರಕ್ಕೆ ತಕ್ಕ ನಟ. ತಂಡವೆಲ್ಲ ಸಾಮಾನುಸರಂಜಾಮಿನೊಡನೆ ಊರೂರು ತಿರುಗುತ್ತದೆ. ಇಂದಿನ ಊರಿನಲ್ಲಿ ತಪ್ಪಿದ್ದನ್ನು ನಾಳಿನ ಊರಿನಲ್ಲಿ ತಿದ್ದಿಕೊಳ್ಳುತ್ತದೆ. ಹೈಸ್ಕೂಲಿನ ಬ್ಯಾಂಡು ಸಂಘದ ರಾಜ್ಯೋತ್ಸವದ ನಾಟಕವಿದ್ದಂತೆ. ಅಲ್ಲಿ ಮೊದಲು ಮಕ್ಕಳ ಪಟ್ಟಿ; ಆಮೇಲೆ ನಾಟಕ. ಖಜಾಂಚಿಗಳ ಮಗನಿಗೂ ಒಂದು ಪಾತ್ರ ಬೇಕು, ಮಾತು ಬಾರದ ಮಗುವಿಗೂ ಒಂದು ಬೇಕು. ದ್ವಾರಪಾಲಕರ ಸಂಖ್ಯೆ ಇದ್ದಕ್ಕಿದ್ದಂತೆ ಆರಕ್ಕೇರುವುದು ಇದೇ ಕಾರಣದಿಂದಲ್ಲವೇ?

ಕೋರ್‌ನ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. ಪೂರ್ಣ ಹೆಸರು ಡ್ರಮ್ ಅಂಡ್ ಬ್ಯೂಗಲ್ ಕೋರ್. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರ ಸಂಘಗಳು ಅಮೆರಿಕದ ಊರೂರುಗಳಲ್ಲಿ ಡೋಲು-ಕಹಳೆಗಳ ತಂಡಗಳನ್ನು ಹುಟ್ಟುಹಾಕಿದುವು. ಚರ್ಚುಗಳೂ ಬಾಲಚರ ದಳಗಳೂ ಹುಡುಗರನ್ನು ಸೇರಿಸಿ ಇಂಥವನ್ನೇ ಕಟ್ಟಿದುವು. ನ್ಯೂಜೆರ್ಸಿಯ ಗಾರ್‌ಫೀಲ್ಡ್ ಎಂಬ ಊರಿನ ಕೆಡೆಟ್ಸ್ ತಂಡ ೧೯೩೪ರಲ್ಲಿ ಹುಟ್ಟಿದ್ದು ಒಂದು ಚರ್ಚಿನ ಆಶ್ರಯದಲ್ಲಿ. ೧೯೭೧ರಲ್ಲಿ ತಂಡಗಳೇ ಕೂಡಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯನ್ನು ಸ್ಥಾಪಿಸಿಕೊಂಡುವು. ಮರುವರ್ಷ ವಿಸ್ಕಾನ್ಸಿನ್ ಪ್ರಾಂತ್ಯದ ವೈಟ್‌ವಾಟರ್‌ನಲ್ಲಿ ಮೊದಲ ಚಾಂಪಿಯನ್‌ಷಿಪ್ ನಡೆಯಿತು. ಕ್ಯಾಲಿಫೋರ್ನಿಯದ ಅನಹೈಮ್ ಕಿಂಗ್ಸ್‌ಮೆನ್ ಗೆದ್ದರು. ಹಿತ್ತಾಳೆಯ ಊದುವಾದ್ಯಗಳು, ಹೊಡೆಯುವ ವಾದ್ಯಗಳು, ಧ್ವಜ-ಬಂದೂಕು-ಖಡ್ಗಗಳನ್ನು ಆಡಿಸುವ ಕಲರ್ ಗಾರ್ಡ್, ಈ ಮೂರೇ ಆ ಪರಂಪರೆಯ ಆಸ್ತಿ. ಕೊಳಲು, ಕ್ಲಾರಿನೆಟ್, ಸ್ಯಾಕ್ಸೊಫೋನ್‌ಗಳಿಗೆ ಅದರಲ್ಲಿ ಸ್ಥಾನವಿರಲಿಲ್ಲ. ಧ್ವನಿವರ್ಧಕಕ್ಕೆ ಅನುಮತಿ ದೊರೆತದ್ದು ೨೦೦೪ರಲ್ಲಿ, ವಿದ್ಯುತ್ ವಾದ್ಯಗಳಿಗೆ ೨೦೦೯ರಲ್ಲಿ. ಪ್ರತಿಸಲವೂ ಹಳಬರು ಕೂಗಾಡಿದರು.

ಇಪ್ಪತ್ತೆರಡು ವಯಸ್ಸಿನ ಆಸುಪಾಸಿಗೆ ಕೋರ್‌ನ ಬಾಗಿಲು ಮುಚ್ಚುತ್ತದೆ. ಆ ಕಾರಣ ಅಲ್ಲಿರುವವರಲ್ಲಿ ಬಹುಪಾಲು ಕಾಲೇಜು ಹುಡುಗರು, ಉಳಿದವರು ಹೈಸ್ಕೂಲಿನ ಆಯ್ದ ಮಕ್ಕಳು. ದೊಡ್ಡ ತಂಡಗಳಲ್ಲಿ ನೂರೈವತ್ತಕ್ಕೂ ಹೆಚ್ಚು ಮಂದಿ ಇರುತ್ತಾರೆ. ಚಳಿಗಾಲದಲ್ಲಿ ಪರೀಕ್ಷೆ ಮಾಡಿ ಆರಿಸುತ್ತಾರೆ. ಮೇ ತಿಂಗಳ ಕೊನೆಯಿಂದ ಬೆಳಗಿನಿಂದ ರಾತ್ರಿಯವರೆಗೆ ತಾಲೀಮು. ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಬಸ್ಸಿನಲ್ಲಿ ದೇಶ ಸಂಚಾರ. ಯಾವುದೋ ಶಾಲೆಯ ವ್ಯಾಯಾಮಶಾಲೆಯ ನೆಲದ ಮೇಲೆ ನಿದ್ರೆ, ಲಾರಿಯಲ್ಲಿ ತಂದ ಅಡಿಗೆಮನೆಯ ಊಟ. ಇಷ್ಟಕ್ಕೆ ಸಂಬಳವಿಲ್ಲ, ಹುಡುಗರೇ ಹಲವು ಸಾವಿರ ಡಾಲರು ಶುಲ್ಕ ಕೊಟ್ಟು ಸೇರಬೇಕು. ದೊಡ್ಡಮ್ಮನವರಿಗೆ ಇದನ್ನು ವಿವರಿಸಿದಾಗ ಅವರು, 'ದುಡ್ಡು ಕೊಟ್ಟು ನೆಲದ ಮೇಲೆ ಮಲಗುವ ಹುಚ್ಚು ನಮ್ಮ ಕಾಲದಲ್ಲಿ ತೀರ್ಥಯಾತ್ರೆಗೆ ಮಾತ್ರ ಇತ್ತು' ಎಂದರು.

ಇನ್ನು ಪ್ರದರ್ಶನವನ್ನು ಕಟ್ಟುವ ರೀತಿಯನ್ನು ನೋಡೋಣ. ಅಮೆರಿಕದ ಫುಟ್‌ಬಾಲ್ ಮೈದಾನದ ಉದ್ದ ೧೦೦ ಗಜ, ಅಗಲ ಐವತ್ತಮೂರು ಗಜಕ್ಕೆ ಸ್ವಲ್ಪ ಹೆಚ್ಚು. ಐದೈದು ಗಜಕ್ಕೊಂದು ಬಿಳಿ ಗೆರೆ. ಗೆರೆಯಿಂದ ಗೆರೆಗೆ ಎಂಟು ಹೆಜ್ಜೆ, ಅಂದರೆ ಒಂದೊಂದು ಹೆಜ್ಜೆಯೂ ೨೨.೫ ಅಂಗುಲ. (ಸೈನಿಕರ ಹೆಜ್ಜೆ ೩೦ ಅಂಗುಲ. ಪೂರ್ವ ಟೆಕ್ಸಸ್‌ನ ಕೆಲವು ಶಾಲೆಗಳು ಇಂದಿಗೂ ಆ ಹಳೆಯ ಸೈನಿಕ ಪದ್ಧತಿಯನ್ನೇ ಬಿಡದೆ ಉಳಿಸಿಕೊಂಡಿವೆ. ವಿಜಯ್ ಚೌಕದ ಅಭ್ಯಾಸವಿರುವ ನಮ್ಮ ಕಣ್ಣಿಗೆ ಅವು ಕೂಡಲೆ ಹಿಡಿಸುತ್ತವೆ.) ಯೋಜಕನು ಕಂಪ್ಯೂಟರಿನಲ್ಲಿ ಪ್ರತಿಯೊಬ್ಬ ವಾದಕನಿಗೂ ಒಂದು ಚುಕ್ಕೆ ಇಟ್ಟು, ಆ ಚುಕ್ಕೆಗಳನ್ನು ತಾಳಕ್ಕೆ ಸರಿಯಾಗಿ ಒಂದು ಚಿತ್ರದಿಂದ ಇನ್ನೊಂದು ಚಿತ್ರಕ್ಕೆ ನಡೆಸುತ್ತಾನೆ. ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಚುಕ್ಕೆಯಿಟ್ಟು ರಂಗೋಲಿ ಎಳೆಯುವುದಿಲ್ಲವೇ, ಹಾಗೆ. ಆದರೆ ಇಲ್ಲಿ ಚುಕ್ಕೆಗಳೇ ನಡೆಯುತ್ತವೆ. ಪ್ರತಿಯೊಬ್ಬನ ಬಳಿಯೂ ತನ್ನ ಚುಕ್ಕೆಗಳ ಪುಟ್ಟ ಪುಸ್ತಕ: ಇಂಥ ಗೆರೆಯಿಂದ ಎರಡು ಹೆಜ್ಜೆ ಹೊರಗೆ, ಮುಂದಿನ ಅಂಚಿನಿಂದ ಆರು ಹೆಜ್ಜೆ ಹಿಂದೆ, ಹೀಗೆ. ಕೋರ್‌ನ ಹತ್ತು ಹನ್ನೆರಡು ನಿಮಿಷದ ಪ್ರದರ್ಶನದಲ್ಲಿ ಇಂಥ ಸ್ಥಾನಗಳು ನೂರನ್ನು ಮೀರುವುದುಂಟು.

ಇದರಲ್ಲೊಂದು ಕಷ್ಟವಿದೆ, ಅದನ್ನು ತಿಳಿದ ಮೇಲೆ ನನಗೆ ಈ ಮಕ್ಕಳ ಮೇಲಿನ ಗೌರವ ಇಮ್ಮಡಿಯಾಯಿತು. ಶಬ್ದಕ್ಕೆ ನಡೆಯಲು ಕಾಲ ಬೇಕಷ್ಟೆ. ಮೈದಾನದ ಹಿಂದಿನ ಅಂಚಿನಿಂದ ಮುಂದಿನ ಅಂಚಿಗೆ ಸುಮಾರು ೪೯ ಮೀಟರು; ಶಬ್ದಕ್ಕೆ ಅಷ್ಟು ದೂರ ಕ್ರಮಿಸಲು ಹೆಚ್ಚುಕಡಮೆ ಸೆಕೆಂಡಿನ ಏಳನೆಯ ಒಂದು ಭಾಗ ಹಿಡಿಯುತ್ತದೆ. ಇಷ್ಟೇತಾನೆ ಎನ್ನಬಹುದು. ನಿಮಿಷಕ್ಕೆ ೧೮೦ ತಾಳದ ಓಟದಲ್ಲಿ ಒಂದು ತಾಳವೇ ಸೆಕೆಂಡಿನ ಮೂರನೆಯ ಒಂದು ಭಾಗ. ಹಾಗಾಗಿ ಹಿಂದೆ ನಿಂತವನೂ ಮುಂದೆ ನಿಂತವನೂ ಎದುರಿನ ಎತ್ತರದ ಮೆಟ್ಟಿಲ ಮೇಲಿನ ಡ್ರಮ್ ಮೇಜರನ ಕೈಯನ್ನು ನೋಡಿ ಒಂದೇ ಕ್ಷಣದಲ್ಲಿ ಊದಿದರೆ, ಸಭಿಕರ ಕಿವಿಗೆ ಸುಮಾರು ಅರ್ಧ ತಾಳದ ಎಡವಟ್ಟು. ಇದಕ್ಕೆ ಪರಿಹಾರವೇನೆಂದರೆ, ಡೋಲಿನವರನ್ನು ಮೈದಾನದ ನಡುವೆ ತುಸು ಹಿಂದೆ ಇಟ್ಟು, ಅವರ ಮುಂದಿನವರೆಲ್ಲ ಕೈ ನೋಡುವುದನ್ನು ಬಿಟ್ಟು ಬೆನ್ನ ಹಿಂದಿನಿಂದ ಬರುವ ಡೋಲನ್ನು ಆಲಿಸಿ ಊದುವುದು. ಹಿಂದಿನಿಂದ ಬರುವ ಅಲೆಯ ಮೇಲೆಯೇ ಸವಾರಿ ಮಾಡಿದಂತೆ. ಡೋಲಿಗಿಂತ ಹಿಂದೆ ಹೋದವನು ಮಾತ್ರ ತನ್ನ ಕಿವಿಯನ್ನು ನಂಬಕೂಡದು. ಯಾವ ಹೊತ್ತಿನಲ್ಲಿ ಕಣ್ಣನ್ನು ನಂಬಬೇಕು, ಯಾವ ಹೊತ್ತಿನಲ್ಲಿ ಕಿವಿಯನ್ನು ನಂಬಬೇಕು ಎಂಬುದೇ ಒಂದು ವಿದ್ಯೆ.

ಇಪ್ಪತ್ತು ವರ್ಷದ ಕೋರ್ ಹುಡುಗನಿಗೆ ಈ ವಿದ್ಯೆ ಮೈಗೂಡಿರುತ್ತದೆ. ಆದುದರಿಂದಲೇ ಅವನ ಯೋಜಕನು ಅಂಜದೆ ತಂಡವನ್ನು ಮೈದಾನದ ನಾಲ್ಕೂ ಮೂಲೆಗೆ ಚೆದುರಿಸಬಲ್ಲ. ೧೯೮೩ರಿಂದ ಮೂರು ವರ್ಷ ಒಂದೇ ಸಮನೆ ಚಾಂಪಿಯನ್‌ಷಿಪ್ ಗೆದ್ದ ಗಾರ್‌ಫೀಲ್ಡ್ ಕೆಡೆಟ್ಸ್ ತಂಡಕ್ಕೆ ಕವಾಯತು ಬರೆದ ಜಾರ್ಜ್ ಜಿಂಗಾಲಿ, ಎಡಕ್ಕೊಂದು ಚಿತ್ರವಿದ್ದರೆ ಬಲಕ್ಕೂ ಅದರ ಪ್ರತಿಬಿಂಬವಿರಬೇಕು ಎಂಬ ಹಳೆಯ ನಿಯಮವನ್ನು ಗಾಳಿಗೆ ತೂರಿದ. ಅವನ ಚಿತ್ರಗಳು ನಿಲ್ಲುವುದಿಲ್ಲ. ಹರಿಯುತ್ತವೆ, ತಿರುಚಿಕೊಳ್ಳುತ್ತವೆ, ಹೊಡೆದಾಡುತ್ತವೆ. ಇಂದು ಯಾವ ಶಾಲೆಯ ಬ್ಯಾಂಡಿನಲ್ಲಾದರೂ ವಕ್ರರೇಖೆಯೊಂದು ಹಾವಿನಂತೆ ಸರಿದರೆ ಅದರ ಮೂಲ ಅಲ್ಲಿದೆ. ಅವನು ೧೯೯೨ರಲ್ಲಿ ತೀರಿಕೊಂಡ. ಕೆಡೆಟ್ಸ್ ತಂಡವೂ ನ್ಯಾಯಾಲಯದ ವ್ಯಾಜ್ಯ ಮತ್ತು ಹಣದ ಅಡಚಣೆಗಳ ನಡುವೆ ೨೦೨೪ರಲ್ಲಿ ಬಾಗಿಲು ಮುಚ್ಚಿತು. ತೊಂಬತ್ತು ವರ್ಷದ ಬಾಳು!

ಪ್ರೇಕ್ಷಕರನ್ನು ಹಿಂದೆ ಬಿಟ್ಟು ಮುಂದೆ ಹೋಗುವ ಧೈರ್ಯವೂ ಕೋರ್‌ನ ಸ್ವಭಾವ. ೧೯೯೩ರಲ್ಲಿ ಸ್ಟಾರ್ ಆಫ್ ಇಂಡಿಯಾನಾ ಎಂಬ ತಂಡ ಮೀಡಿಯಾ ಎಂಬ ಗ್ರೀಕ್ ದುರಂತ ಕಥೆಯ ಹೆಸರಿನ, ಬಾರ್ಬರ್ ಮತ್ತು ಬಾರ್ಟೋಕ್ ಇವರ ಕಠಿಣ ಸಂಗೀತವನ್ನು ತೆಗೆದುಕೊಂಡು ಮೈದಾನಕ್ಕಿಳಿಯಿತು. ಎಲ್ಲರೂ ಗುನುಗಬಲ್ಲ ಮಟ್ಟಿಲ್ಲ, ಚಪ್ಪಾಳೆಗೆಂದು ಬಿಟ್ಟ ಸಂದಿಲ್ಲ. ಸಭಿಕರಲ್ಲಿ ಅನೇಕರಿಗೆ ಅದು ಪಥ್ಯವಾಗಲಿಲ್ಲ. ಕೊನೆಗೆ ಕೆಡೆಟ್ಸ್‌ಗೆ ೯೭.೪, ಸ್ಟಾರ್‌ಗೆ ೯೭.೩. ದಶಾಂಶ ಒಂದರ ಅಂತರ! ಆಮೇಲೆ ಆ ತಂಡ ಸ್ಪರ್ಧೆಗಳಿಂದಲೇ ಹೊರಬಿದ್ದು ರಂಗಮಂದಿರದ ಹಾದಿ ಹಿಡಿಯಿತು. ಅದರಿಂದ ಹುಟ್ಟಿದ 'ಬ್ಲಾಸ್ಟ್' ಎಂಬ ಪ್ರದರ್ಶನ ೨೦೦೧ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ಸೇರಿ ಟೋನಿ ಪ್ರಶಸ್ತಿಯನ್ನೂ ಪಡೆಯಿತು. ನಾನು ೧೯೯೩ರ ಆ ಪ್ರದರ್ಶನವನ್ನು ನಾಲ್ಕು ಸಲ ನೋಡಿದೆ. ಮೊದಲೆರಡು ಸಲ ಏನೂ ಹಿಡಿಸಲಿಲ್ಲ. ನಾಲ್ಕನೆಯ ಸಲ ಮೈ ಝುಮ್ಮೆಂದಿತು. ಅದಕ್ಕೆ ನೇರ ವಿರುದ್ಧವಾದದ್ದು ಇಲಿನಾಯ್ ಪ್ರಾಂತ್ಯದ ಫ್ಯಾಂಟಮ್ ರೆಜಿಮೆಂಟ್ ತಂಡದ ೨೦೦೮ರ ಸ್ಪಾರ್ಟಕಸ್. ಗುಲಾಮನ ದಂಗೆಯ ಕಥೆ; ಮಗುವಿಗೂ ಅರ್ಥವಾಗುತ್ತದೆ. ಅದು ಗೆದ್ದದ್ದು ೦.೦೨೫ ಅಂಕದಿಂದ. ನಮ್ಮ ಇಲಾಖೆಯ ಬಡ್ತಿ ಪರೀಕ್ಷೆಯಲ್ಲಿ ಕೂಡ ಇಷ್ಟು ನವಿರಾದ ತೂಕವನ್ನು ನಾನು ಕಂಡಿಲ್ಲ.

ಆ ನೂರು ಅಂಕಗಳಲ್ಲಿ ೪೦ 'ಒಟ್ಟು ಪರಿಣಾಮ'ಕ್ಕೆ, ೩೦ ಸಂಗೀತಕ್ಕೆ, ೩೦ ದೃಶ್ಯಕ್ಕೆ. ನುಡಿಸಿದ್ದು ಹೇಗೆ ಎಂಬುದಕ್ಕೆ ಮಾತ್ರವಲ್ಲದೆ ಏನನ್ನು ಯೋಚಿಸಿದರು ಎಂಬುದಕ್ಕೂ ಬೆಲೆಯುಂಟು ಎಂದಾಯಿತು. ೨೦೧೬ರಲ್ಲಿ ಒಹಾಯೋದ ಬ್ಲೂಕೋಟ್ಸ್ ತಂಡ ಮೈದಾನದಲ್ಲಿ ದೊಡ್ಡ ದೊಡ್ಡ ಇಳಿಜಾರುಗಳನ್ನು ನಿಲ್ಲಿಸಿ, ಅವುಗಳ ಮೇಲಿಂದ ವಾದಕರು ಜಾರುತ್ತ ಬರುವಂತೆ ಮಾಡಿ ಮೊದಲ ಬಾರಿಗೆ ಚಾಂಪಿಯನ್‌ಷಿಪ್ ಗೆದ್ದಿತು. ಅಲ್ಲಿಂದೀಚೆಗೆ ಇಳಿಜಾರು, ಮೆಟ್ಟಿಲು, ಗೋಡೆಗಳ ಮೆರವಣಿಗೆ ಇನ್ನಷ್ಟು ಬೆಳೆದಿದೆ. ಶಾಲೆಗಳೂ ಬಿಡಲಿಲ್ಲ. ಮಕ್ಕಳ ತಂದೆಯಂದಿರು ರಜಾ ದಿನಗಳಲ್ಲಿ ಸುತ್ತಿಗೆ ಮೊಳೆ ಹಿಡಿದು ಹಲಗೆ ಹೊಡೆಯುವುದು, ತಾಯಂದಿರು ಬಟ್ಟೆ ಹೊಲಿಯುವುದು ಈಗ ಸರ್ವಸಾಧಾರಣ. ನಮ್ಮಣ್ಣ ಊರಿನಲ್ಲಿದ್ದಾಗ ಗೋಡೆಗೆ ಒಂದು ಮೊಳೆ ಹೊಡೆದವನಲ್ಲ. ಅಲ್ಲಿ ಚಕ್ರವಿರುವ ಗೋಪುರವನ್ನೇ ಕಟ್ಟಿದ್ದಾನೆ.

ಶಾಲೆಯ ಬ್ಯಾಂಡಿನ ನಿಜವಾದ ಪ್ರಶ್ನೆ ಇಲ್ಲಿಂದ ಆರಂಭವಾಗುತ್ತದೆ. ಶಾಲೆಗೆ ಯಾರು ಬರುತ್ತಾರೋ ಅವರೇ ಬ್ಯಾಂಡು. ಒಂದು ಶಾಲೆಯಲ್ಲಿ ಮೂವತ್ತು ಮಂದಿ, ಮತ್ತೊಂದರಲ್ಲಿ ಹಲವು ನೂರು. ಹದಿನೆಂಟರ ಮೀಸೆ ಬಂದ ಹುಡುಗನ ಪಕ್ಕದಲ್ಲಿ, ಮೂರು ತಿಂಗಳ ಹಿಂದೆ ಮೊದಲ ಸಲ ನಡೆಯುತ್ತ ನುಡಿಸಲು ಕಲಿತ ಹದಿನಾಲ್ಕರ ಹುಡುಗಿ. ಈ ವರ್ಷ ಟ್ಯೂಬಾ ನುಡಿಸುವವರು ಇಬ್ಬರೇ ಇದ್ದರೆ ಇಬ್ಬರೇ. ಕೊಳಲಿನವರು ಮೂವತ್ತಿದ್ದರೆ ಮೂವತ್ತನ್ನೂ ಎಲ್ಲಾದರೂ ನಿಲ್ಲಿಸಬೇಕು. ಬಯಲಿನಲ್ಲಿ ಕೊಳಲಿನ ದನಿ ನಾಲ್ಕು ಮಾರು ಹೋಗುವಷ್ಟರಲ್ಲಿ ಕರಗುತ್ತದೆ. ಆದ್ದರಿಂದ ಅವರನ್ನು ಮೈದಾನದ ಮುಂಭಾಗಕ್ಕೆ ತರಬೇಕು, ಅವರು ನುಡಿಸುವಾಗ ಹಿತ್ತಾಳೆಯವರನ್ನು ಸುಮ್ಮನಿರಿಸಬೇಕು, ಇಲ್ಲವೇ ಮೈಕು ಹಿಡಿಯಬೇಕು. ಕೋರ್‌ನ ಯೋಜಕನಿಗೆ ಈ ತಲೆನೋವಿಲ್ಲ. ಕಾಲದ ಅಭಾವವೂ ಹಾಗೆಯೇ. ಟೆಕ್ಸಸ್‌ನಲ್ಲಿ ಶಾಲಾ ಸ್ಪರ್ಧೆಗಳನ್ನು ನಡೆಸುವ ಯೂನಿವರ್ಸಿಟಿ ಇಂಟರ್‌ಸ್ಕೊಲಾಸ್ಟಿಕ್ ಲೀಗಿನ ನಿಯಮದಂತೆ, ಪಾಠದ ವೇಳೆಯ ಹೊರಗೆ ವಾರಕ್ಕೆ ಎಂಟು ಗಂಟೆಗಿಂತ ಹೆಚ್ಚು ತಾಲೀಮು ಕೂಡದು. ಕೋರ್‌ನವರು ಅಷ್ಟನ್ನು ಒಂದೇ ದಿನದಲ್ಲಿ ಮುಗಿಸುತ್ತಾರೆ. ಮೇಲಾಗಿ ಶುಕ್ರವಾರ ರಾತ್ರಿ ಫುಟ್‌ಬಾಲ್ ಪಂದ್ಯದ ನಡುವಿರಾಮದಲ್ಲಿ ನುಡಿಸಬೇಕು. ಆ ಸಭಿಕರು ಚೆಂಡಾಟಕ್ಕೆ ಬಂದವರು, ಕೈಯಲ್ಲಿ ತಿಂಡಿಯ ಪೊಟ್ಟಣ ಹಿಡಿದವರು. ಅವರ ಮುಂದೆ ಗ್ರೀಕ್ ದುರಂತ ನಡೆಯದು.

ಒಳ್ಳೆಯ ಶಾಲಾ ಯೋಜಕನ ಜಾಣತನ ಕಣ್ಣಿಗೆ ಕಾಣುವುದಿಲ್ಲ. ಅದೇ ಅದರ ಹೆಚ್ಚಳ. ಹೊಸ ಹುಡುಗಿಯನ್ನು ಇಬ್ಬರು ಹಿರಿಯರ ನಡುವೆ ಇಡುತ್ತಾನೆ. ಅವಳಿಗೆ ಕಠಿಣವಾದ ಸ್ವರಗಳಿರುವಾಗ ಹೆಜ್ಜೆ ಕೊಡುವುದಿಲ್ಲ. ಹೆಜ್ಜೆ ಕೊಟ್ಟಾಗ ಸ್ವರವನ್ನು ನೀಳವಾಗಿಸುತ್ತಾನೆ. ಒಂದೇ ಮಟ್ಟಿಗೆ ಮೂರು ದರ್ಜೆಯ ಪಾಠ ಬರೆಸುತ್ತಾನೆ. ಚಿಕ್ಕ ಶಾಲೆಯಾದರೆ ಮೈದಾನದ ಅರ್ಧಕ್ಕೆ ಪರದೆಯನ್ನೋ ಹಲಗೆಯನ್ನೋ ಅಡ್ಡ ನಿಲ್ಲಿಸಿ, ನಲವತ್ತು ಮಂದಿ ತುಂಬಿಕೊಂಡು ಕಾಣುವಂತೆ ಅಂಗಳವನ್ನೇ ಕಿರಿದಾಗಿಸುತ್ತಾನೆ. ಬಡವನ ಮನೆಯ ಮದುವೆಯಲ್ಲಿ ಚಪ್ಪರ ಚಿಕ್ಕದಾಗಿ ಹಾಕಿದಂತೆ; ಜನ ತುಂಬಿರುತ್ತಾರೆ, ಕಳೆಗೇನೂ ಕೊರತೆಯಿಲ್ಲ.

ಆದರೆ ಎಲ್ಲೆಲ್ಲಿಯೂ ಹೀಗೆ ನಡೆಯುತ್ತಿದೆಯೆಂದು ಹೇಳಲಾರೆ. ಕೋರ್‌ನ ಪ್ರದರ್ಶನವನ್ನು ಆಗಸ್ಟಿನಲ್ಲಿ ನೋಡಿ, ಅಕ್ಟೋಬರಿನಲ್ಲಿ ಅದನ್ನೇ ಮಕ್ಕಳಿಂದ ಮಾಡಿಸಹೊರಟ ಶಾಲೆಗಳನ್ನೂ ಬೇಕಾದಷ್ಟು ನೋಡಿದ್ದೇನೆ. ಅಲ್ಲಿ ಆಗುವುದೇನು? ಹತ್ತು ಮಂದಿ ಸಮರ್ಥರು ಮುಂದೆ ಬಂದು ಜಾರುಹಲಗೆಯ ಮೇಲೆ ಚಮತ್ಕಾರ ಮಾಡುತ್ತಾರೆ. ಉಳಿದವರಲ್ಲಿ ಅರ್ಧದಷ್ಟು ಮಂದಿ ಹಿಂದೆ ವಾದ್ಯ ಕೆಳಗಿಟ್ಟು ಕೈಯೆತ್ತಿ ಓಲಾಡುತ್ತಾರೆ. ಸಂಗೀತದ ಕೊರತೆಯನ್ನು ವಿದ್ಯುತ್ ವಾದ್ಯದ ಗುಂಯ್‌ಗುಡುವ ಶ್ರುತಿ ಮುಚ್ಚುತ್ತದೆ. ದೂರದಿಂದ ನೋಡಲು ಬಲು ಚೆಂದ. ಮೂರನೆಯ ಸಾಲಿನ ಕ್ಲಾರಿನೆಟ್ ಹುಡುಗಿಗೆ ಮಾತ್ರ ಆ ಎಂಟು ನಿಮಿಷದಲ್ಲಿ ನುಡಿಸಲು ಸಿಕ್ಕಿದ್ದು ಎರಡು ನಿಮಿಷ. ನಾನೂ ಗುಮಾಸ್ತೆ, ದೊಡ್ಡ ಯಂತ್ರದ ಮೂರನೆಯ ಸಾಲಿನಲ್ಲಿ ನಿಂತವನು. ಆದುದರಿಂದಲೋ ಏನೋ, ಈ ಲೆಕ್ಕವೇ ಮೊದಲು ನನ್ನ ಕಣ್ಣಿಗೆ ಬೀಳುತ್ತದೆ. ಶಾಲೆಯ ಪ್ರದರ್ಶನವನ್ನು ಅಳೆಯಲು ನನ್ನ ಕೋಲು ಅದೇ: ಅಂಚಿನಲ್ಲಿರುವ ಮಗುವಿಗೆ ಏನು ಕೆಲಸ ಕೊಟ್ಟಿದ್ದಾರೆ? ಕೋರ್‌ಗೆ ಈ ಕೋಲು ಸಲ್ಲದು. ಅಲ್ಲಿ ಎಲ್ಲರೂ ಆರಿಸಿ ಬಂದವರು. ಅವರ ಮುಂದಿಟ್ಟ ಸಾಹಸ ಅವರ ಶಕ್ತಿಯ ಕೊನೆಯ ಅಂಚನ್ನು ಮುಟ್ಟಿತೇ ಎಂದು ಕೇಳಬೇಕು.

ಈ ವರ್ಷ ನಮ್ಮ ಹುಡುಗಿಗೊಂದು ಹೊಸ ಆಸೆ ಹುಟ್ಟಿದೆ. ಫೋನಿನಲ್ಲಿ ಕೇಳಿದೆ, 'ಏನಮ್ಮ, ನೀನೂ ಕೋರ್ ಸೇರುತ್ತೀಯಂತೆ?'

'ಚಿಕ್ಕಪ್ಪ, ಅಲ್ಲಿ ಕ್ಲಾರಿನೆಟ್ಟಿನ ಸಾಲೇ ಇಲ್ಲ. ಮೆಲ್ಲೊಫೋನ್ ಕಲಿಯುತ್ತಿದ್ದೇನೆ.'

ಮೆಲ್ಲೊಫೋನ್ ಎಂದರೆ ಮೈದಾನಕ್ಕೆಂದು ಬಾಯಿ ಮುಂದಕ್ಕೆ ತಿರುಗಿಸಿದ ಒಂದು ಹಿತ್ತಾಳೆ ವಾದ್ಯ. ಮರದ ವಾದ್ಯ ಬಿಟ್ಟು ಹೀಗೆ ಹಿತ್ತಾಳೆ ಹಿಡಿದು ಕೋರ್ ಸೇರುವ ಮಕ್ಕಳು ಅಲ್ಲಿ ಅನೇಕರಂತೆ. ನಾಲ್ಕು ವರ್ಷ ತುಟಿ ಒಂದು ರೀತಿ ಪಳಗಿದ ಮೇಲೆ ಮತ್ತೆ ಅಆಇಈ ಕಲಿತಂತೆ. ಅವಳ ತಂದೆಗೆ ಇದು ಒಪ್ಪಿಗೆಯಿಲ್ಲ: ಬೇಸಗೆಯೆಲ್ಲ ಹೋಗುತ್ತದೆ, ಹಣವೂ ಹೋಗುತ್ತದೆ, ಕಾಲೇಜಿಗೆ ಇದರಿಂದೇನು ಎಂದು ಅವನ ವಾದ. ದೊಡ್ಡಮ್ಮನವರು ಮೊದಲು 'ಹೆಣ್ಣುಮಗು ಬಸ್ಸಿನಲ್ಲಿ ಊರೂರು ಅಲೆಯುವುದೇ' ಎಂದರು. ಆಮೇಲೆ ವಿಡಿಯೋ ನೋಡಿ, 'ಇಷ್ಟು ಮಂದಿ ಒಟ್ಟಿಗಿರುವಾಗ ಭಯವೇನು' ಎಂದು ಪಕ್ಷ ಬದಲಾಯಿಸಿದರು. ನಾನು ತೀರ್ಪು ಕೊಡಲಿಲ್ಲ. ಒಂದು ಮಾತು ಕೇಳಿದೆ: 'ಶಾಲೆಯಲ್ಲಿ ಈಗ ನಿನ್ನ ಪಕ್ಕದಲ್ಲಿ ನಿಲ್ಲುವವರು ಯಾರು?' 'ಇಬ್ಬರು ಹೊಸಬರು. ಒಬ್ಬನಿಗೆ ಎಡಗಾಲು ಬಲಗಾಲು ಇನ್ನೂ ಗೊತ್ತಿಲ್ಲ. ನಾನೇ ಎಣಿಸಿಕೊಂಡು ಹೋಗುತ್ತೇನೆ, ಅವನು ನನ್ನ ಭುಜ ನೋಡಿಕೊಂಡು ಬರುತ್ತಾನೆ' ಎಂದಳು. ಎರಡು ವರ್ಷದ ಹಿಂದೆ ಇವಳೂ ಯಾರದೋ ಭುಜ ನೋಡಿಕೊಂಡು ನಡೆದವಳೇ.

ಇಂಡಿಯಾನಾಪೊಲಿಸ್ ನಗರದ ಲ್ಯೂಕಸ್ ಆಯಿಲ್ ಕ್ರೀಡಾಂಗಣಕ್ಕೆ ೨೦೦೯ರಲ್ಲಿ ಕೋರ್‌ಗಳ ಅಂತಿಮ ಸ್ಪರ್ಧೆ ಬಂದಿತು. ಬ್ಯಾಂಡ್ಸ್ ಆಫ್ ಅಮೆರಿಕ ಸಂಸ್ಥೆಯ ಶಾಲಾ ಬ್ಯಾಂಡುಗಳ ರಾಷ್ಟ್ರೀಯ ಸ್ಪರ್ಧೆ ನಡೆಯುವುದೂ ಅದೇ ಸೂರಿನಡಿ. ಅದೇ ಪ್ರಾಂತ್ಯದ ಏವನ್ ಹೈಸ್ಕೂಲು ೨೦೦೮, ೨೦೦೯, ೨೦೧೦ ಮೂರು ವರ್ಷವೂ ಅದನ್ನು ಗೆದ್ದಿತು. ಕೋರ್‌ಗಳದು ಆಗಸ್ಟಿನಲ್ಲಿ, ಶಾಲೆಗಳದು ನವೆಂಬರಿನಲ್ಲಿ. ವಾಚಕರು ಎರಡರ ವಿಡಿಯೋಗಳನ್ನೂ ಒಂದು ರಾತ್ರಿ ಒಂದರ ಪಕ್ಕ ಒಂದು ಇಟ್ಟು ನೋಡಬೇಕೆಂದು ನನ್ನ ವಿನಂತಿ. ಮೊದಲ ಸಲ ನಡುವನ್ನು ನೋಡಿ, ಎರಡನೆಯ ಸಲ ಅಂಚನ್ನು ನೋಡಿ. ಆಗಸ್ಟಿನಲ್ಲಿ ಕೊನೆಯ ಸ್ವರ ಮುಗಿದ ಮೇಲೆ ವಯಸ್ಸಿನ ಮಿತಿ ಮುಟ್ಟಿದ ಹುಡುಗರು ಮೈದಾನ ಬಿಟ್ಟು ಹೊರಡಲಾರದೆ ಅಳುತ್ತ ನಿಲ್ಲುತ್ತಾರೆ. ಅವರಿಗೆ ಇನ್ನು ಕೋರ್ ಇಲ್ಲ. ನವೆಂಬರಿನಲ್ಲಿ ಶಾಲೆಯ ಬಸ್ಸುಗಳು ರಾತ್ರೋರಾತ್ರಿ ಊರಿಗೆ ಹೊರಡುತ್ತವೆ. ಸೋಮವಾರ ಬ್ಯಾಂಡಿನ ತರಗತಿಗೆ ಅದೇ ಮಕ್ಕಳು ಅದೇ ವಾದ್ಯಗಳೊಡನೆ ಕುರ್ಚಿಗಳ ಮೇಲೆ ಕುಳಿತು ಕ್ರಿಸ್‌ಮಸ್ ಕಚೇರಿಯ ಪಾಠ ತೆಗೆಯುತ್ತಾರೆ.